ಸೊಂಟದಲ್ಲಿ ಚಾಕು ಇದ್ದರೆ ಕಾಯುತ್ತದೆಯೇ?

ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟಕ್ಕೆ ಹೊರಟವನ ಕೈಯಲ್ಲಿ ಮಚ್ಚು ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಮಚ್ಚು ರಾತ್ರಿ ಹಾಸನದ ಬಸ್ ನಿಲ್ದಾಣದ ಬಳಿ ಬೈಕಿನ ಸೀಟಿನಡಿ ಸಿಕ್ಕರೆ ಪೊಲೀಸರಿಗೆ ಉತ್ತರ ಹೇಳುವುದು ಕಷ್ಟ. ಹೀಗಿದ್ದೂ ಒರೆ ಸಮೇತ ಚಾಕು ತರಿಸಿಕೊಂಡು ‘ಆತ್ಮರಕ್ಷಣೆಗೆ ಇರಲಿ’ ಎನ್ನುವವರಿದ್ದಾರೆ. ಅವರ ನಂಬಿಕೆಗಳಲ್ಲಿ ಹೆಚ್ಚಿನವು ನಿಲ್ಲುವಂಥವಲ್ಲ.

‘ಒಂಬತ್ತು ಇಂಚಿನೊಳಗಿದ್ದರೆ ಏನೂ ಆಗಲ್ಲ’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅರ್ಧ ಮಾತ್ರ ನಿಜ. ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳು. ಮನೆಗೆಲಸಕ್ಕೆ, ಬೇಸಾಯಕ್ಕೆ ಮಾಡಿದವು ಅದರಿಂದ ಹೊರಗೆ. ಆದರೆ ಇಂಚುಪಟ್ಟಿ ಲೈಸೆನ್ಸಿನ ಪ್ರಶ್ನೆಗಷ್ಟೇ. ನಾಲ್ಕಿಂಚಿನ ಚಾಕುವಿನಿಂದ ಬೇಕೆಂದೇ ಗಾಯ ಮಾಡಿದರೂ ಭಾರತೀಯ ನ್ಯಾಯ ಸಂಹಿತೆಯ 118ನೇ ಕಲಂ ಕಾದಿರುತ್ತದೆ: ಸಾಧಾರಣ ಗಾಯಕ್ಕೆ 3 ವರ್ಷದವರೆಗೆ, ತೀವ್ರ ಗಾಯಕ್ಕೆ ಜೀವಾವಧಿಯವರೆಗೂ ಶಿಕ್ಷೆ. ಊರಿನಲ್ಲಿ ಗಲಾಟೆಯಾಗಿ ನಿಷೇಧಾಜ್ಞೆ ಬಿದ್ದಿದ್ದರಂತೂ ಆಯುಧ ಹಿಡಿದು ಓಡಾಡುವುದೇ ಅಪರಾಧವಾಗಬಹುದು.

ಅರಕಲಗೂಡಿನ ಆಚೆಗೇ ಕೊಡಗು. ಹಾಗಾಗಿ ‘ಅವರಿಗೆ ಬಿಟ್ಟಿದ್ದಾರಲ್ಲ’ ಎಂಬ ವಾದ ಇಲ್ಲಿ ಬೇಗ ಬರುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಇರುವುದು ನಿಜ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದದ್ದೂ ನಿಜ. ಪೀಚೆಕತ್ತಿ ಅವರ ಮದುವೆ, ಹಬ್ಬದ ಉಡುಪಿನ ಭಾಗ. ಆ ಹೆಸರು ಹೇಳಿ ನಾವು ಚಾಕು ಸಿಕ್ಕಿಸಿಕೊಳ್ಳಲು ಬರುವುದಿಲ್ಲ.

‘ಅವನೇ ಮೊದಲು ಬಂದ, ಇರಿದೆ, ಕೇಸು ನಿಲ್ಲಲ್ಲ’ ಎನ್ನುವ ಧೈರ್ಯ ಇನ್ನೂ ಅಪಾಯದ್ದು. ಸಂಹಿತೆಯ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ, ಜೊತೆಗೇ ಗೆರೆಯನ್ನೂ ಎಳೆಯುತ್ತವೆ. ತಪ್ಪಿಸಿಕೊಳ್ಳಲು ಬೇಕಾದಷ್ಟೇ ಪೆಟ್ಟು. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ. ಎದುರಾಳಿ ಬೆನ್ನು ತಿರುಗಿಸಿ ಓಡಿದ ಮೇಲೆ ಹಾಕಿದ ಏಟನ್ನು ಯಾವ ವಕೀಲರೂ ರಕ್ಷಣೆ ಎಂದು ಸುಲಭವಾಗಿ ಒಪ್ಪಿಸಲಾರರು. ರಕ್ಷಣೆಗೇ ಮಾಡಿದ್ದು ಎಂದು ತೋರಿಸುವ ಹೊರೆಯೂ ನಿಮ್ಮದೇ.

ಇನ್ನು ಚಾಕುವಿನ ವಿಷಯ. ‘ಓಂ’, ‘ಜೋಗಿ’ ಕಾಲದಿಂದ ನಾವು ಲಾಂಗು ಬೀಸುವುದನ್ನು ತೆರೆಯ ಮೇಲೆ ನೋಡಿ ಬೆಳೆದವರು. ನಾಯಕನಿಗೆ ಗೀರೂ ಆಗುವುದಿಲ್ಲ. ವಾಸ್ತವದಲ್ಲಿ ಬೆರಳಿಗೂ ಅಲಗಿಗೂ ನಡುವೆ ತಡೆ ಇಲ್ಲದ ಚಾಕುವಿನಿಂದ ಜೋರಾಗಿ ಚುಚ್ಚಿದರೆ, ಬೆವರೋ ರಕ್ತವೋ ತಾಗಿದ ಹಿಡಿಯಿಂದ ಕೈ ಮುಂದಕ್ಕೆ ಜಾರಿ ಹಿಡಿದವನದೇ ಬೆರಳು ಕೊಯ್ಯುತ್ತದೆ. ಅಲಗಿನ ಉದ್ದಕ್ಕೂ ಕೊರೆದಿರುವ ಕಾಲುವೆ ರಕ್ತ ಹರಿಯಲೆಂದೇ ಮಾಡಿದ್ದು ಎಂದು ಅಂಗಡಿಯವನು ಹೇಳಿದರೆ ನಕ್ಕುಬಿಡಿ. ಅದು ತೂಕ ಇಳಿಸಲು. ‘ಸ್ಟೇನ್‌ಲೆಸ್ ಎಂದರೆ ಗಟ್ಟಿ’ ಎಂಬುದೂ ಹಾಗೆಯೇ: ಅದು ತುಕ್ಕು ತಡೆಯುತ್ತದೆ, ಅಷ್ಟೇ. ಲಾರಿಯ ಕಮಾನು ಪಟ್ಟಿ ಕಾಸಿ ಬಡಿದು ನಮ್ಮ ಕುಲುಮೆಯ ಆಚಾರಿ ಹದ ಕೊಟ್ಟ ಮಚ್ಚು, ಅಗ್ಗದ ಸ್ಟೇನ್‌ಲೆಸ್ ಚಾಕುವಿಗಿಂತ ಹೆಚ್ಚು ದಿನ ಹರಿತ ಉಳಿಸಿಕೊಳ್ಳುತ್ತದೆ. ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ, ಅಷ್ಟೆ. ಕಾಯಿ ಸುಲಿಯಲು ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

‘ತೆಗೆದು ತೋರಿಸಿದರೆ ಸಾಕು’ ಎನ್ನುವವರು ದೂರದ ಲೆಕ್ಕ ಮರೆಯುತ್ತಾರೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಅಧಿಕಾರಿ ಡೆನ್ನಿಸ್ ಟ್ಯುಲ್ಲರ್ 1983ರಲ್ಲಿ ಬರೆದದ್ದು: ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ. ತರಬೇತಾದ ಪೊಲೀಸನಿಗೇ ಪಿಸ್ತೂಲು ಎತ್ತಲು ಅಷ್ಟು ಹೊತ್ತು ಬೇಕು. ಅಂಗಿಯ ಕೆಳಗೆ ಒರೆಯಲ್ಲಿರುವ ಚಾಕುವಿಗೆ ಎಷ್ಟು ಹೊತ್ತು ಬೇಕು, ನೀವೇ ಲೆಕ್ಕ ಹಾಕಿ. ಎರಡು ಕಡೆಯೂ ಚಾಕು ಹೊರಬಂದರೆ ಇಬ್ಬರಿಗೂ ಗಾಯ ತಪ್ಪಿದ್ದಲ್ಲ.

ಅಭ್ಯಾಸ ಮಾಡಬೇಕೆಂಬ ಆಸೆಯಿದ್ದರೆ ರಬ್ಬರಿನದೋ ಮರದ್ದೋ ಮೊಂಡು ಚಾಕು ಸಾಕು, ಕಣ್ಣಿಗೆ ಕನ್ನಡಕವಿರಲಿ. ಹರಿತವಾದದ್ದರಲ್ಲಿ ಜೊತೆಗಾರನೊಂದಿಗೆ ಕಲಿಸುವ ಗುರುವಿದ್ದರೆ ಅಲ್ಲಿಂದ ಎದ್ದು ಬನ್ನಿ. ಮೊದಲು ಕಲಿಯಬೇಕಾದ್ದು ಕೈ ಬಿಡಿಸಿಕೊಂಡು ಓಡುವುದು. ಕತ್ತಲಲ್ಲಿ ನಡೆಯುವವರಿಗೆ ಟಾರ್ಚು ಮತ್ತು ಊರುಗೋಲು ಸಾಕು. ಲಾಠಿ, ಸಾಧಾರಣ ಊರುಗೋಲಿನಂಥವು ಶಸ್ತ್ರಾಸ್ತ್ರ ಕಾಯ್ದೆಯ ‘ಆಯುಧ’ದ ವ್ಯಾಖ್ಯೆಯಲ್ಲೇ ಬರುವುದಿಲ್ಲ.

ಕೊನೆಗೆ ಸಿನಿಮಾ ಕಲಿಸಿದ ಇನ್ನೊಂದು ತಪ್ಪು: ನೆಟ್ಟ ಚಾಕುವನ್ನು ಕೀಳುವುದು. ಅದು ಒಳಗೆ ಕುಳಿತಿರುವಾಗ ಎಷ್ಟೋ ಸಲ ರಕ್ತವನ್ನು ತಡೆದಿರುತ್ತದೆ. ಕೀಳಬೇಡಿ, ಸುತ್ತ ಬಟ್ಟೆ ಒತ್ತಿ ಅಲುಗದಂತೆ ಹಿಡಿದು, 108ಕ್ಕೆ ಫೋನ್ ಮಾಡಿ. ಪೊಲೀಸರಿಗೆ 112.