ಸೋರಿಯಾಟಿಕ್ ಆರ್ಥ್ರೈಟಿಸ್: ಮನೆಮದ್ದು ಎಲ್ಲಿಯವರೆಗೆ, ಮಾತ್ರೆ ಏಕೆ ಬಿಡಬಾರದು?

ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಮಡಚುವುದಿಲ್ಲ. ಹಲ್ಲುಜ್ಜುವ ಬ್ರಷ್ ಹಿಡಿಯುವುದೂ ಕಷ್ಟ. ಬಿಸಿನೀರಿನಲ್ಲಿ ಕೈ ಅದ್ದಿ ಅರ್ಧ ಗಂಟೆ ಕಳೆದ ಮೇಲೆ ಸ್ವಲ್ಪ ಸಡಿಲವಾಗುತ್ತವೆ. ಸೋರಿಯಾಟಿಕ್ ಆರ್ಥ್ರೈಟಿಸ್ ಇರುವ ಅನೇಕರ ದಿನ ಶುರುವಾಗುವುದೇ ಹೀಗೆ. "ಇದಕ್ಕೆ ನೈಸರ್ಗಿಕವಾದ, ಅಡ್ಡಪರಿಣಾಮ ಇಲ್ಲದ ಏನಾದರೂ ಇದೆಯೇ?" ಔಷಧ ಅಂಗಡಿಯ ಕೌಂಟರಿನಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಆರಾಮ ಕೊಡುವ ಉಪಾಯಗಳು ಖಂಡಿತ ಇವೆ. ಆದರೆ ಅವು ಮಾತ್ರೆಯ ಜೊತೆಗೆ ಇರಬೇಕು, ಮಾತ್ರೆಯ ಬದಲಿಗೆ ಅಲ್ಲ.

ಇದು ಎಂಥ ಕಾಯಿಲೆ?

ದೇಹದ ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ನಮ್ಮದೇ ಚರ್ಮ ಮತ್ತು ಕೀಲುಗಳ ಮೇಲೆ ತಿರುಗಿಬೀಳುವುದರಿಂದ ಇದು ಬರುತ್ತದೆ. ಸೋರಿಯಾಸಿಸ್ ಇರುವ 10 ಜನರಲ್ಲಿ ಸುಮಾರು 2ರಿಂದ 3 ಜನರಿಗೆ ಕೀಲುಗಳ ತೊಂದರೆಯೂ ಕಾಣಿಸಿಕೊಳ್ಳಬಹುದು. ಈ ಲಕ್ಷಣಗಳನ್ನು ಗಮನಿಸಿ:

• ಬೆಳಿಗ್ಗೆ 30 ನಿಮಿಷಕ್ಕಿಂತ ಹೆಚ್ಚು ಹೊತ್ತು ಕೀಲು ಬಿಗಿಯಾಗಿರುವುದು
• ಇಡೀ ಬೆರಳು ದಪ್ಪಗೆ ಊದಿಕೊಳ್ಳುವುದು
• ಹಿಮ್ಮಡಿ ನೋವು
• ಉಗುರಿನಲ್ಲಿ ಸೂಜಿ ಚುಚ್ಚಿದಂಥ ಸಣ್ಣ ಗುಳಿಗಳು

ರಕ್ತಪರೀಕ್ಷೆಯಲ್ಲಿ ರುಮಟಾಯ್ಡ್ ಫ್ಯಾಕ್ಟರ್ 'ನೆಗೆಟಿವ್' ಬಂದಿತೆಂದು ಸುಮ್ಮನಾಗಬೇಡಿ. ಈ ಕಾಯಿಲೆಯಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆ. ರುಮಟಾಲಜಿಸ್ಟ್ ಅವರನ್ನು ಕಾಣಿ.

ನೋವು ಇಳಿದರೆ ಕಾಯಿಲೆ ಇಳಿದಂತಲ್ಲ

ಎಣ್ಣೆ ಹಚ್ಚಿದಾಗ, ಶಾಖ ಕೊಟ್ಟಾಗ ನೋವು ಕಡಿಮೆಯಾಗುತ್ತದೆ. ಆದರೆ ಒಳಗಿನ ಉರಿಯೂತ ಮುಂದುವರಿದು ಮೂಳೆ ಸವೆಯುತ್ತಲೇ ಇರಬಹುದು. ಒಮ್ಮೆ ಸವೆದು ಸೊಟ್ಟಗಾದ ಕೀಲನ್ನು ಮಾತ್ರೆಯಾಗಲಿ ಮನೆಮದ್ದಾಗಲಿ ಮೊದಲಿನಂತೆ ಮಾಡಲಾರದು. ತಜ್ಞರನ್ನು ಕಾಣುವುದು 6 ತಿಂಗಳು ತಡವಾದರೂ ಕೀಲುಗಳಿಗೆ ಹೆಚ್ಚು ಹಾನಿಯಾಗಿರುವುದು ಅಧ್ಯಯನದಲ್ಲಿ ಕಂಡುಬಂದಿದೆ. "ಮೊದಲು ಮನೆಮದ್ದು ನೋಡೋಣ, ಆಮೇಲೆ ಡಾಕ್ಟರು" ಎನ್ನುವ ಲೆಕ್ಕ ಇಲ್ಲಿ ದುಬಾರಿ.

ನಿಜಕ್ಕೂ ನೆರವಾಗುವುದು

• ತೂಕ ಇಳಿಸುವುದು: ತೂಕ ಹೆಚ್ಚಿದ್ದವರು ಇಳಿಸಿಕೊಂಡಾಗ ಕೀಲುನೋವು ತಗ್ಗುವುದಷ್ಟೇ ಅಲ್ಲ, ಔಷಧವೂ ಚೆನ್ನಾಗಿ ಕೆಲಸ ಮಾಡುತ್ತದೆ.
• ನಡಿಗೆ, ಈಜು, ನಿಧಾನದ ಯೋಗ: ಕೀಲು ಕೆಂಪಾಗಿ ಊದಿರುವ ದಿನ ಅದಕ್ಕೆ ವಿಶ್ರಾಂತಿ ಕೊಡಿ, ಉಳಿದ ದಿನ ಬಿಡದೆ ಮಾಡಿ.
• ಶಾಖ ಮತ್ತು ತಂಪು: ಬಿಗಿತಕ್ಕೆ ಬಿಸಿನೀರು, ಊತಕ್ಕೆ ಬಟ್ಟೆಯಲ್ಲಿ ಸುತ್ತಿದ ಐಸ್.
• ಕೊಬ್ಬರಿ ಎಣ್ಣೆ: ಸ್ನಾನವಾದ ತಕ್ಷಣ ಹಚ್ಚಿದರೆ ಚರ್ಮದ ಒಣಗುವಿಕೆ, ತುರಿಕೆ ಕಡಿಮೆಯಾಗುತ್ತದೆ. ಕೀಲಿನ ಕಾಯಿಲೆಗೆ ಇದು ಮದ್ದಲ್ಲ.
• ಬೀಡಿ, ಸಿಗರೇಟು, ಮದ್ಯ ಬಿಡುವುದು.

ಎಚ್ಚರ ಬೇಕಾದದ್ದು

ಈ ಕಾಯಿಲೆಗೆ ಮೆಥೊಟ್ರೆಕ್ಸೇಟ್ ಬರೆದುಕೊಡುವುದು ಸಾಮಾನ್ಯ. ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ಇದು ಲಿವರ್ ಮೇಲೆ ಪರಿಣಾಮ ಬೀರಬಹುದಾದ್ದರಿಂದಲೇ ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾರೆ. ಲಿವರಿಗೆ ಹೊರೆಯಾಗುವ ಇನ್ನೊಂದನ್ನು ಅದರ ಜೊತೆ ಸೇರಿಸಬಾರದು.

ಅಡುಗೆಗೆ ಹಾಕುವ ಅರಿಶಿನದಿಂದ ತೊಂದರೆಯಿಲ್ಲ. ಆದರೆ ಹೆಚ್ಚು ಪ್ರಮಾಣದ ಕರ್ಕ್ಯುಮಿನ್ ಕ್ಯಾಪ್ಸೂಲ್, ಅಶ್ವಗಂಧ ಇವುಗಳಿಂದ ಕೆಲವರ ಲಿವರಿಗೆ ಹಾನಿಯಾದ ವರದಿಗಳಿವೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು 2021ರಲ್ಲಿ ಮುಂಬೈಯ ವೈದ್ಯರು ವರದಿ ಮಾಡಿದ್ದರು. ಸರಿಯಾದ ಬಳ್ಳಿ ಸುರಕ್ಷಿತ, ಅದನ್ನು ಹೋಲುವ ಬೇರೆ ಬಳ್ಳಿ ಬೆರೆತಿರಬಹುದು ಎಂಬುದು ಆಯುಷ್ ಸಚಿವಾಲಯದ ನಿಲುವು. ಆದರೂ ರೋಗನಿರೋಧಕ ವ್ಯವಸ್ಥೆಯನ್ನು ಚುರುಕುಗೊಳಿಸುತ್ತದೆ ಎಂದು ಹೇಳುವ ಯಾವುದನ್ನೇ ಆಗಲಿ, ಆ ವ್ಯವಸ್ಥೆಯೇ ಕೆರಳಿರುವ ನೀವು ವೈದ್ಯರನ್ನು ಕೇಳದೆ ಸೇವಿಸಬೇಡಿ. ಮೀನೆಣ್ಣೆ ಕ್ಯಾಪ್ಸೂಲಿನಿಂದ ಕೆಲವರಿಗೆ ಅಲ್ಪ ಲಾಭವಾಗಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ಮೊದಲು ವೈದ್ಯರನ್ನು ಕೇಳಬೇಕು.

ಹೆಸರು, ಲೇಬಲ್ ಇಲ್ಲದ ಪುಡಿಯಿಂದ ಎರಡೇ ದಿನದಲ್ಲಿ ನೋವು ಮಾಯವಾದರೆ ಖುಷಿಪಡುವ ಮೊದಲು ಅನುಮಾನಪಡಿ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪತ್ತೆಯಾದದ್ದುಂಟು. ಅದನ್ನು ಥಟ್ಟನೆ ನಿಲ್ಲಿಸಿದರೆ ಸೋರಿಯಾಸಿಸ್ ಮೈಯೆಲ್ಲ ಕೆರಳಬಹುದು. ಈಗಾಗಲೇ ಸೇವಿಸುತ್ತಿದ್ದರೆ ನೀವೇ ನಿಲ್ಲಿಸದೆ ಕೂಡಲೇ ವೈದ್ಯರಿಗೆ ತೋರಿಸಿ.

ಯಾವಾಗ ಕಾಯಬಾರದು?

ಕಣ್ಣು ಕೆಂಪಾಗಿ ನೋವಿದ್ದು ದೃಷ್ಟಿ ಮಂಜಾದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಿ. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವಾಗ ಜ್ವರ, ಬಾಯಿಹುಣ್ಣು, ಒಣಕೆಮ್ಮಿನ ಜೊತೆ ಉಸಿರಾಟದ ತೊಂದರೆ, ಕಣ್ಣು ಹಳದಿಯಾಗುವುದು ಕಂಡರೆ ತಡಮಾಡಬೇಡಿ. ಗಂಡಾಗಲಿ ಹೆಣ್ಣಾಗಲಿ, ಮಗುವಿಗೆ ಯೋಜಿಸುವ ಮೊದಲು ವೈದ್ಯರ ಜೊತೆ ಮಾತಾಡಿ. ಗರ್ಭಿಣಿಯರು ಈ ಮಾತ್ರೆ ತೆಗೆದುಕೊಳ್ಳಬಾರದು.

ಮನೆಯವರಿಗೆ ಒಂದು ಮಾತು

ಊರಿಂದ ಅಮ್ಮ ಕಳಿಸಿದ ಕಷಾಯದ ಪುಡಿ, ನೆರೆಯವರು ಕೊಟ್ಟ ಕ್ಯಾಪ್ಸೂಲ್, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಒಯ್ಯಿರಿ. ಹೊರರಾಜ್ಯದ ವೈದ್ಯರಿಗೆ 'ಅಮೃತಬಳ್ಳಿ' ಎಂದರೆ ತಿಳಿಯದಿರಬಹುದು. ಹಿಂದಿಯಲ್ಲಿ ಅದು ಗಿಲೋಯ್, ಮರಾಠಿಯಲ್ಲಿ ಗುಳವೇಲ್, ತಮಿಳಿನಲ್ಲಿ ಸೀಂದಿಲ್, ತೆಲುಗಿನಲ್ಲಿ ತಿಪ್ಪತೀಗ. ಬೈದಾರೆಂಬ ಭಯದಿಂದ ಮುಚ್ಚಿಡಬೇಡಿ. ನೀವು ಏನೇನು ಸೇವಿಸುತ್ತಿದ್ದೀರಿ ಎಂದು ಗೊತ್ತಿದ್ದರೆ ಮಾತ್ರ ವೈದ್ಯರು ನಿಮ್ಮ ಲಿವರನ್ನೂ ಕೀಲುಗಳನ್ನೂ ಒಟ್ಟಿಗೆ ಕಾಪಾಡಬಲ್ಲರು.