ರೈತ ಮೊದಲು ನೋಡುವುದು ಇಳುವರಿಯನ್ನಲ್ಲ

ನವೆಂಬರ್ ತಿಂಗಳು, ಆಳಂದ ಕಡೆಯ ಒಂದು ಎರೆಹೊಲ. ಎದೆಮಟ್ಟ ಬೆಳೆದ ತೊಗರಿ ಹೂವು ಮುಗಿಸಿ ಕಾಯಿ ಕಟ್ಟುತ್ತಿತ್ತು. ನಡುನಡುವೆ ಕೆಲವು ಗಿಡಗಳು ನಿಂತಲ್ಲೇ ಒಣಗಿದ್ದವು. ಹೊಲದ ಯಜಮಾನರು ಅಂಥದೊಂದನ್ನು ಕಿತ್ತು, ಕುಡಗೋಲಿನಿಂದ ಕಾಂಡ ಸೀಳಿ ಕೈಗಿಟ್ಟರು. ಹೊರಗೆ ನೇರಳೆ ಪಟ್ಟಿ, ಒಳಗೆ ಕಪ್ಪು ಗೆರೆಗಳು. "ಬಿತ್ತಿದ್ದು, ಕಳಿ ತೆಗದದ್ದು, ಎಣ್ಣಿ ಹೊಡದದ್ದು, ಎಲ್ಲಾ ಖರ್ಚು ಮುಗದ ಮ್ಯಾಲೇ ಇದು ಬರ್ತದ ನೋಡ್ರಿ" ಎಂದರು.

ಅದು ನೆಟೆ ರೋಗ. ಅದನ್ನು ತರುವ ಶಿಲೀಂಧ್ರ ಬೆಳೆ ಕೊಯ್ದ ಮೇಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ.

ಹೆಚ್ಚು ಇಳುವರಿಯ ತಳಿ ಬಂದರೆ ರೈತರು ತಾವಾಗಿಯೇ ಹಿಡಿಯುತ್ತಾರೆ ಎಂಬುದು ಬಹಳ ಜನರ ನಂಬಿಕೆ. ಆ ಸೀಳಿದ ಕಾಂಡವನ್ನು ಕಂಡವರು ಹಾಗೆ ಹೇಳಲಾರರು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಆರಿಸಿದ ಐಸಿಪಿ 8863 ತೊಗರಿ ತಳಿ 1986ರಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾಯಿತು. ಆರೇಳು ವರ್ಷ ಕಳೆಯುವಷ್ಟರಲ್ಲಿ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ ಇತ್ತು. ಅದನ್ನು ಗೆಲ್ಲಿಸಿದ್ದು ನೆಟೆ ತಡೆಯುವ ಗುಣ. ನಾಲ್ಕೈದು ಎಕರೆ ಒಣಬೇಸಾಯದವರಿಗೆ ಒಳ್ಳೆಯ ವರ್ಷದಲ್ಲಿ ಒಂದು ಚೀಲ ಹೆಚ್ಚು ಸಿಗುವುದಕ್ಕಿಂತ ಕೆಟ್ಟ ವರ್ಷದಲ್ಲಿ ಬೆಳೆ ಕೈಗೆ ಸಿಗುವುದು ದೊಡ್ಡದು. ಆಮೇಲೆ ಉಳಿದ ಲೆಕ್ಕಗಳು: ಬೇಳೆ ಚೆನ್ನಾಗಿ ಬೇಯುತ್ತದೆಯೇ, ಅಡತಿಯವರು ಕಾಳು ನೋಡಿ ದರ ಇಳಿಸುತ್ತಾರೆಯೇ, ಒಲೆಗೆ ಕಟ್ಟಿಗೆ ಎಷ್ಟು, ದನಕ್ಕೆ ಹೊಟ್ಟು ಎಷ್ಟು. ಆಂಧ್ರದ ಕಪ್ಪುಮಣ್ಣಿನ ಜಿಲ್ಲೆಗಳಲ್ಲಿ ನಮ್ಮ ಅಣ್ಣಿಗೇರಿ ಕಡಲೆಯ ಜಾಗಕ್ಕೆ ಜೆಜಿ-11 ಬಂದದ್ದೂ ಇಂಥ ಲೆಕ್ಕದಿಂದಲೇ. ಅದು ಸೊರಗು ರೋಗ ತಡೆಯುತ್ತದೆ, ಕಾಳು ದಪ್ಪ, ನೆಲದ ತೇವ ಆರುವ ಮೊದಲೇ ಕೊಯ್ಲಿಗೆ ಬರುತ್ತದೆ.

ಎರಡನೆಯ ಮಾತು ನನಗೆ ಹೆಚ್ಚು ನೋವು ಕೊಡುವಂಥದು. ಹಳೆಯ ತಳಿಗೆ ಅಂಟಿಕೊಂಡವರು ತಿಳಿವಳಿಕೆ ಇಲ್ಲದವರು, ಹಟಮಾರಿಗಳು ಎನ್ನುತ್ತಾರೆ. ಉದಾಹರಣೆಗೆ ಸಿಗುವುದು ಚಳ್ಳಕೆರೆ, ಪಾವಗಡದ ಶೇಂಗಾ ಬೆಳೆಗಾರರು. ಆಗಿನ ಮದ್ರಾಸ್ ಪ್ರಾಂತ್ಯದ ತಿಂಡಿವನಂನಿಂದ 1940ರಲ್ಲಿ ಬಂದ ಟಿಎಂವಿ-2 ತಳಿ ಅಲ್ಲಿ ತಲೆಮಾರುಗಳನ್ನು ದಾಟಿ ಉಳಿದಿದೆ. ಧಾರವಾಡದ ಹೊಸ ತಳಿ ಜಿಪಿಬಿಡಿ-4 ತುಕ್ಕು ರೋಗವನ್ನೂ ಎಲೆಚುಕ್ಕೆಯನ್ನೂ ತಡೆಯುತ್ತದೆ, ಆದರೂ ಯಾಕೆ ಹೀಗೆ?

ಬೀಜದ ಲೆಕ್ಕ ಹಾಕಿ ನೋಡಿ. ತೊಗರಿಗೆ ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು. ಒಂದು ಎಕರೆಯಲ್ಲಿ ನಾಲ್ಕೈದು ಕ್ವಿಂಟಲ್ ರಾಶಿ ಆದರೆ ಮರುವರ್ಷ ನೂರು ಎಕರೆ ಬಿತ್ತಬಹುದು. ಹಾಗಾಗಿಯೇ ಮಾರುತಿ ಊರಿಂದೂರಿಗೆ ಕೈಬೀಜವಾಗಿ ಹರಡಿತು. ಶೇಂಗಾಕ್ಕೆ ಎಕರೆಗೆ 40ರಿಂದ 50 ಕಿಲೋ ಬೀಜ ಬೇಕು, ಅಷ್ಟೇ ರಾಶಿ ಆದರೂ ಸುಲಿದು ಬಂದ ಕಾಳು ಆರೇಳು ಎಕರೆಗೆ ಮುಗಿಯುತ್ತದೆ. ಮೊದಲ ಮಳೆಯ ಹೊತ್ತಿಗೆ ಕೈಯಲ್ಲಿ ದುಡ್ಡಿಲ್ಲದವರು ಅಷ್ಟು ಹೊಸ ಬೀಜ ಎಲ್ಲಿಂದ ತರಬೇಕು? ಕದಿರಿಯ ಕೆ-6 ಶೇಂಗಾ ತಳಿ ಅನಂತಪುರದಲ್ಲಿ ಹಬ್ಬಿದ್ದು ಸರ್ಕಾರ ರಿಯಾಯಿತಿ ದರದಲ್ಲಿ ಅದರ ಬೀಜ ಹಂಚಿದಾಗ. ಅದೇ ಮಣ್ಣು, ಅದೇ ಜನ. ಬೀಜ ಮನೆ ಹತ್ತಿರ ಬಂದಿತ್ತು, ಅಷ್ಟೇ ವ್ಯತ್ಯಾಸ.

ಸುಧಾರಿತ ಬೀಜವೆಂದರೆ ಪ್ರತಿವರ್ಷ ಕೊಳ್ಳಲೇಬೇಕು ಎಂಬುದೂ ತಪ್ಪು. ಅದು ಹೈಬ್ರಿಡ್‌ನ ಮಾತು. ಮಾರುತಿ, ಜೆಜಿ-11 ಹೈಬ್ರಿಡ್ ಅಲ್ಲ, ಅವುಗಳ ಬೀಜವನ್ನು ಮನೆಯಲ್ಲೇ ಇಟ್ಟುಕೊಂಡು ಬಿತ್ತಬಹುದು. ಕಡಲೆ, ಶೇಂಗಾ ತಮ್ಮಲ್ಲೇ ಪರಾಗ ಕಟ್ಟಿಕೊಳ್ಳುತ್ತವೆ. ತೊಗರಿಯದು ಮಾತ್ರ ಬೇರೆ, ಜೇನುಹುಳು ಪಕ್ಕದ ಹೊಲದ ಪರಾಗ ತರುತ್ತದೆ, ನಾಲ್ಕೈದು ವರ್ಷದಲ್ಲಿ ತಳಿ ಕಲಬೆರಕೆಯಾಗುತ್ತದೆ. ಆದ್ದರಿಂದ ಮೂರು ವರ್ಷಕ್ಕೊಮ್ಮೆ ಶುದ್ಧ ಬೀಜ ಊರಿಗೆ ತಲುಪಬೇಕು. ಆ ಕೆಲಸ ಸರ್ಕಾರದ್ದು, ವಿಶ್ವವಿದ್ಯಾಲಯಗಳದ್ದು, ರೈತರದ್ದಲ್ಲ.

ಒಂದು ತಳಿ ಸಿಕ್ಕರೆ ಚಿಂತೆ ತೀರಿತು ಎನ್ನುವಂತೆಯೂ ಇಲ್ಲ. ಮಾರುತಿ ನೆಟೆಗೆ ಜಗ್ಗಲಿಲ್ಲ, ಗೊಡ್ಡು ರೋಗಕ್ಕೆ ಸೋತಿತು. ಗೊಡ್ಡು ಬಂದ ಗಿಡ ಹಸಿರಾಗಿಯೇ ಇರುತ್ತದೆ, ಹೂವು ಬಿಡುವುದಿಲ್ಲ. ಎರಡನ್ನೂ ತಡೆಯುವ 'ಆಶಾ' 1993ರಲ್ಲಿ ಬಂತು, ಮುಂದೆ ಕಲಬುರಗಿಯ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್ ಬಂತು. ಇಷ್ಟಾದರೂ 2022ರ ಹಂಗಾಮಿನಲ್ಲಿ ಕಲಬುರಗಿ ಸೀಮೆಯ ತೊಗರಿ ನೆಟೆಗೆ ಸಿಕ್ಕಿ ದೊಡ್ಡ ಪ್ರಮಾಣದಲ್ಲಿ ಒಣಗಿತು. ತೊಗರಿಯ ಮೇಲೆ ತೊಗರಿ ಬಿತ್ತುವ ಹೊಲದಲ್ಲಿ ರೋಗ ಕೂಡುತ್ತಲೇ ಹೋಗುತ್ತದೆ. ನಡುವೆ ಜೋಳ ಹಾಕಿದರೆ ತಗ್ಗುತ್ತದೆ.

ಆಳಂದದ ಆ ಹೊಲದ ನಟ್ಟನಡುವೆ ಕೆಲವು ಗಿಡಗಳಿಗೆ ಹಳೆಯ ಸೀರೆಯ ಚೂರು ಕಟ್ಟಿತ್ತು. ಯಜಮಾನರ ಹೆಂಡತಿ ಬೀಜಕ್ಕೆಂದು ಗುರುತು ಮಾಡಿದ ಗಿಡಗಳು. ಸುತ್ತ ಒಣಗಿದರೂ ಇವು ನಿಂತಿದ್ದವು. "ಇದರಾಗ ಐದು ಕಿಲೋ ನಮ್ಮ ತಂಗಿ ಮನಿಗಿ ಹೋಗ್ತದರಿ. ಅವರದು ಹೋದ ವರ್ಷ ಪೂರಾ ಒಣಗ್ಯಾದ" ಎಂದರು ಆ ತಾಯಿ, ಸಡಿಲವಾಗಿದ್ದ ಒಂದು ಗಂಟನ್ನು ಬಿಗಿ ಮಾಡುತ್ತ.