ತಿಪ್ಪೆಯಲ್ಲಿ ಹಾವಿನ ಬಾಣಂತನ

ಕಳೆದ ವರ್ಷ ಮಿರಗದ ಮಳೆ ಬಿದ್ದು ಮೂರನೇ ದಿನ. ತೊಗರಿ ಬಿತ್ತುವ ಮೊದಲು ಗೊಬ್ಬರ ಹೊಲಕ್ಕೆ ಹಾಕಬೇಕೆಂದು ತಿಪ್ಪೆ ಅಗೆಯಲು ನಿಂತಿದ್ದೆವು. ಹಳೆಯ ಗೊಬ್ಬರದ ಬದಿಗೆ ಸಲಿಕೆ ಹಾಕಿದ ಹುಡುಗ ಒಮ್ಮೆಲೇ ಹಿಂದಕ್ಕೆ ಜಿಗಿದ. "ಕಾಕಾ, ಹಾವ್ ಅದಾ! ಹೊಡೀಲೇನು?"

ನೋಡಿದರೆ ಬೆಳ್ಳಗಿನ ಮೊಟ್ಟೆಗಳು. ಅವುಗಳ ಮಗ್ಗುಲಿಗೇ ಮಾರುದ್ದದ ಹಾವು. ಮೂರು ಮೊಟ್ಟೆ ಸಲಿಕೆಗೆ ಸಿಕ್ಕು ಆಗಲೇ ಉರುಳಿದ್ದವು. "ಬ್ಯಾಡ, ನಿಲ್ಲು" ಅಂದೆ. ಯಾಕೆ ಅಂದೆನೋ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅದರ ಹಿಂದಿನ ವರ್ಷ ಕಬ್ಬಿನ ಒಡ್ಡಿನಲ್ಲಿ ಇಂಥದೇ ಒಂದನ್ನು ನಾನೇ ಬಡಿಗೆಯಿಂದ ಹೊಡೆದು ಕೊಂದಿದ್ದೆ. ಹೊಟ್ಟೆ ಒಡೆದು ಮೊಟ್ಟೆ ಹೊರಗೆ ಬಂದಿದ್ದು ಕಣ್ಣಿನಿಂದ ಹೋಗಿರಲಿಲ್ಲ. ಆ ಸಲ ಕಬ್ಬಿಗೆ ಇಲಿ ಬಹಳ ಬಿದ್ದವು. ಒಂದು ಹಾವು ಸತ್ತಿದ್ದಕ್ಕೇ ಹಾಗಾಯಿತು ಎಂದು ಹೇಳಲಾರೆ. ಆದರೆ ಇಲಿ ಪಾಷಾಣಕ್ಕೆ ದುಡ್ಡು ಕೊಡುವಾಗ ಅದರ ನೆನಪಾಗುತ್ತಿತ್ತು.

ಯಾವ ಹಾವು?

ಕಲಬುರಗಿಯಲ್ಲಿ ಹಾವು ಹಿಡಿದು ಕಾಡಿಗೆ ಬಿಡುವ ಒಬ್ಬರ ಫೋನ್ ನಂಬರ್ ಇತ್ತು. ಮಧ್ಯಾಹ್ನದ ಹೊತ್ತಿಗೆ ಅವರು ಗೊಬ್ಬೂರಿಗೆ ಬಂದರು. ದೂರದಿಂದಲೇ ನೋಡಿ "ಇದು ಕೇರೆ. ವಿಷ ಇಲ್ಲ" ಅಂದರು. ಕೇರೆಗೆ ಕಣ್ಣು ದೊಡ್ಡದು, ತುಟಿಯ ಮೇಲೆ ಸಣ್ಣ ಕಪ್ಪು ಗೆರೆಗಳು, ಹೆಡೆ ಇಲ್ಲ. ಕೇರೆಯೇ ನಾಗರದ ಗಂಡು ಅಂತ ನಮ್ಮಲ್ಲಿ ಕೆಲವರು ಹೇಳುತ್ತಾರೆ. ಅದು ತಪ್ಪು. ಎರಡೂ ಬೇರೆ ಬೇರೆ ಜಾತಿ, ಎರಡರಲ್ಲೂ ಗಂಡು ಹೆಣ್ಣು ಉಂಟು.

ಎಲ್ಲ ಹಾವೂ ಮೊಟ್ಟೆ ಇಡುವುದಿಲ್ಲ. ಕೇರೆ, ನಾಗರ, ಕಟ್ಟಹಾವು, ಹೆಬ್ಬಾವು ಮೊಟ್ಟೆ ಇಡುತ್ತವೆ. ಕೊಳಕುಮಂಡಲ ನೇರ ಮರಿ ಹಾಕುತ್ತದೆ. ಹೆಣ್ಣು ಹೆಬ್ಬಾವು ಮೊಟ್ಟೆಗೆ ಸುತ್ತಿಕೊಂಡು ಮೈ ನಡುಗಿಸಿ ಕಾವು ಕೊಡುತ್ತದಂತೆ. ಆಗುಂಬೆ ಕಡೆಯ ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಕಾಯುತ್ತದೆ, ಮರಿ ಹೊರಬರುವ ಮೊದಲೇ ಗೂಡು ಬಿಟ್ಟು ಹೋಗುತ್ತದೆ. ಕೇರೆ ಕೆಲವೊಮ್ಮೆ ಸ್ವಲ್ಪ ದಿನ ಮೊಟ್ಟೆ ಬಳಿ ಇರುವುದುಂಟು, ಅಷ್ಟೇ. ಮಳೆಗಾಲದಲ್ಲಿ ಬೆಚ್ಚಗೂ ಹಸಿಯಾಗಿಯೂ ಇರುವ ಹಳೆಯ ತಿಪ್ಪೆ ಅದಕ್ಕೆ ಒಳ್ಳೆಯ ಜಾಗ.

ಮನೆಯಲ್ಲಿ ಜಗಳ

ಮೊಟ್ಟೆ ಒಡೆಯಲು ಸುಮಾರು ಎರಡು ತಿಂಗಳು ಬೇಕು. ಅಲ್ಲಿಯವರೆಗೆ ಆ ಬದಿಯ ಗೊಬ್ಬರ ಮುಟ್ಟುವ ಹಾಗಿಲ್ಲ. ನಾಲ್ಕು ಬಂಡಿ ಗೊಬ್ಬರ ನಿಂತಿತು. ಕಳೆ ತೆಗೆಯುವ ಹೆಣ್ಣುಮಕ್ಕಳು ಆ ಹಾದಿಯಲ್ಲಿ ಬರುವುದಿಲ್ಲ ಅಂದರು. ಎಲ್ಲಕ್ಕಿಂತ ಹೆಚ್ಚು ಮನೆಯಾಕೆಯ ಸಿಟ್ಟು. "ಮನ್ಯಾಗ ಸಣ್ಣ ಕೂಸು ಅದಾ. ನೀವು ಹಾವಿನ ಬಾಣಂತನ ಮಾಡ್ಲತ್ತೀರಿ?"

ಆಕೆಯ ಮಾತು ತೆಗೆದುಹಾಕುವಂಥದ್ದಲ್ಲ. ಅದಕ್ಕೇ ತಿಪ್ಪೆಯ ಸುತ್ತ ಜಾಲಿ ಮುಳ್ಳು ಹಾಕಿ, ಹಾವು ಓಡಾಡಲು ಕೆಳಗೆ ಸಂದು ಬಿಟ್ಟೆ. ಹೆಂಗಸರಿಗೆ ಇನ್ನೊಂದು ಬದಿಯಿಂದ ಹಾದಿ ಮಾಡಿದೆ. ರಾತ್ರಿ ಬ್ಯಾಟರಿ ಇಲ್ಲದೆ ಯಾರೂ ಆ ಕಡೆ ಹೋಗಬಾರದು ಅಂತ ಕಟ್ಟು ಮಾಡಿದೆವು.

ಹಾಲು ಬೇಡ, ನೀರು ಸಾಕು

ಅವ್ವ ಮರುದಿನವೇ ಬಟ್ಟಲು ಹಾಲು ಇಟ್ಟು ಬಂದಿದ್ದಳು. "ಹಡದಾಕಿ ಅದಾ, ಹಸದಿರ್ತದ" ಅಂತ ಅವಳ ಲೆಕ್ಕ. ಬೆಳಿಗ್ಗೆ ನೋಡಿದರೆ ಹಾಲಿಗೆ ಇರುವೆ ಮುತ್ತಿದ್ದವು. ಇರುವೆ ಮೊಟ್ಟೆಗೂ ಒಳ್ಳೆಯದಲ್ಲ. ಹಾಲು ಹಾವಿನ ಆಹಾರವೇ ಅಲ್ಲ. ಹಾವಾಡಿಗರ ಹಾವು ಹಾಲು ಕುಡಿಯುವುದು ನೀರಡಿಕೆಗೆ. ನಾಗರ ಪಂಚಮಿಗೆ ಹುತ್ತದೊಳಗೆ ಹಾಲು ಸುರಿಯುವವರೂ ಇದನ್ನು ಯೋಚಿಸಬೇಕು. ಕಲ್ಲು ನಾಗಪ್ಪನಿಗೆ ಎರೆದರೆ ಭಕ್ತಿಗೇನೂ ಕಡಿಮೆಯಾಗದು.

ಆದರೆ "ಹಸದಿರ್ತದ" ಅನ್ನುವ ಅವ್ವನ ಮಾತು ಮಾತ್ರ ನಿಜ. ಮೊಟ್ಟೆ ಇಡುವ ಮುಂಚಿನ ದಿನಗಳಲ್ಲಿ ಹಾವು ಸರಿಯಾಗಿ ತಿನ್ನುವುದಿಲ್ಲ. ಇಟ್ಟ ಮೇಲೆ ಮೈ ಇಳಿದು, ಪಕ್ಕೆಯ ಚರ್ಮ ನೆರಿಗೆ ಬಿದ್ದಿರುತ್ತದೆ. ಹೊರದೇಶಗಳಲ್ಲಿ ಹಾವು ಸಾಕುವವರು ಮೊಟ್ಟೆ ಇಟ್ಟ ಹೆಣ್ಣಿಗೆ ಮೊದಲು ನೀರು ಕೊಡುತ್ತಾರೆ. ಕೆಲವು ದಿನ ಬಿಟ್ಟು ಸಣ್ಣ ಇಲಿ, ಆಮೇಲೆ ಮೈ ತುಂಬುವವರೆಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತಾರೆ. ಒಮ್ಮೆಲೇ ದೊಡ್ಡ ಬೇಟೆ ಕೊಟ್ಟರೆ ಕಾರಿಕೊಳ್ಳಬಹುದು. ಹೆಬ್ಬಾವಿನ ಜಾತಿಯದು ಮೊಟ್ಟೆ ಬಿಟ್ಟು ಮೇವಿಗೆ ಬರದಿದ್ದರೆ, ಮೊಟ್ಟೆ ಬೇರೆ ಇಟ್ಟು, ವಾಸನೆ ಹೋಗಲೆಂದು ಅದರ ಮೈ ತೊಳೆಯುವುದೂ ಉಂಟು. ಹಿಂಭಾಗ ಉಬ್ಬಿಕೊಂಡೇ ಇದ್ದರೆ ಮೊಟ್ಟೆ ಒಳಗೆ ಸಿಕ್ಕಿದೆಯೆಂದು ಪಶುವೈದ್ಯರಿಗೆ ತೋರಿಸುತ್ತಾರೆ.

ನಮ್ಮಲ್ಲಿ ಆ ಪ್ರಶ್ನೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಹಾವನ್ನು ಹಿಡಿಯುವುದು, ಸಾಕುವುದು, ಕೊಲ್ಲುವುದು ಎಲ್ಲವೂ ಅಪರಾಧ. ಹೊಲದ ಹಾವಿಗೆ ನಾವು ಉಣಿಸಬೇಕಾಗಿಯೂ ಇಲ್ಲ. ಇಲಿ, ಕಪ್ಪೆ ಅದೇ ಹುಡುಕಿಕೊಳ್ಳುತ್ತದೆ. ನಾವು ಮಾಡಿದ್ದು ಇಷ್ಟೇ:

- ಬೇಲಿ ಬುಡದಲ್ಲಿ ಅಗಲ ಬಾಯಿಯ ಮಣ್ಣಿನ ಪಾತ್ರೆಗೆ ನೀರು ಹಾಕಿಟ್ಟೆವು.
- ಆ ಎರಡು ತಿಂಗಳು ಇಲಿ ಪಾಷಾಣ ಇಡಲಿಲ್ಲ. ವಿಷ ತಿಂದ ಇಲಿಯನ್ನು ಹಾವು ನುಂಗಿದರೆ ಅದಕ್ಕೂ ಅಪಾಯ.
- ಒಡ್ಡಿನ ಕಸಕ್ಕೆ ಬೆಂಕಿ ಹಚ್ಚಲಿಲ್ಲ.
- ನೈಲಾನ್ ಬಲೆ ತೆಗೆದುಹಾಕಿದೆವು. ಅದರ ಕಣ್ಣಿಗೆ ಹಾವು ಸಿಕ್ಕರೆ ಬಿಡಿಸಿಕೊಳ್ಳಲಾರದು.
- ನಾಯಿಯನ್ನು ಆ ಕಡೆ ಬಿಡಲಿಲ್ಲ.

ಐದಾರು ದಿನದ ಮೇಲೆ ತಾಯಿ ಹಾವು ಅಲ್ಲಿ ಕಾಣಲಿಲ್ಲ. ಆಮೇಲೆ ಒಂದು ಸಂಜೆ ಕಣಕಿ ಬಣಮಿಯ ಹತ್ತಿರ ಹೊಟ್ಟೆ ಉಬ್ಬಿದ ಕೇರೆ ಹರಿದು ಹೋದದ್ದನ್ನು ಮನೆಯಾಕೆ ನೋಡಿದಳು. ಅದೇನೋ ಬೇರೆಯೋ ಗೊತ್ತಿಲ್ಲ.

ಮೊಟ್ಟೆ ಹೊರಳಿಸಬೇಡಿ

ನಾನು ಮಾಡಿದ ತಪ್ಪು ಇಲ್ಲಿ ಹೇಳಬೇಕು. ಉರುಳಿದ ಮೂರು ಮೊಟ್ಟೆಗಳನ್ನು, ಹಾವು ಹಿಡಿಯುವವರು ಬರುವ ಮೊದಲೇ, ಸಲಿಕೆಯಿಂದ ಹೇಗೋ ಒಳಗೆ ದೂಡಿಬಿಟ್ಟಿದ್ದೆ. ಹಾವಿನ ಮೊಟ್ಟೆ ಕೋಳಿ ಮೊಟ್ಟೆಯಂತಲ್ಲ. ಕೋಳಿ ತನ್ನ ಮೊಟ್ಟೆ ತಾನೇ ಹೊರಳಿಸುತ್ತದೆ. ಹಾವಿನ ಮೊಟ್ಟೆಯಲ್ಲಿ ಮರಿಯ ಪಿಂಡ ಮೇಲ್ಭಾಗದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಬುಡಮೇಲು ಮಾಡಿದರೆ ಅದು ಸಾಯಬಹುದು. ಸರಿಸಲೇಬೇಕಾಗಿ ಬಂದರೆ ಮೇಲ್ಬದಿಗೆ ಪೆನ್ಸಿಲ್ ಗುರುತು ಹಾಕಿ, ಅದೇ ಬದಿ ಮೇಲಿರುವಂತೆ ಇಡಬೇಕು. ಅದೂ ಅರಣ್ಯ ಇಲಾಖೆಗೆ ತಿಳಿಸಿ, ತಿಳಿದವರ ಕೈಯಿಂದ.

ಆಶ್ಲೇಷ ಮಳೆಯ ದಿನಗಳಲ್ಲಿ ಮೊಟ್ಟೆಗಳ ಮೇಲೆ ಚಾಕುವಿನಿಂದ ಕೊಯ್ದಂಥ ಗೀರು ಕಂಡವು. ಮರಿಗಳು ಮೂತಿಯ ತುದಿಯ ಸಣ್ಣ ಹಲ್ಲಿನಿಂದ ಸೀಳಿ, ತಲೆ ಮಾತ್ರ ಹೊರಗಿಟ್ಟು ಒಂದು ದಿನ ಕೂತವು. ಎರಡು ಗೇಣಿಗೆ ತುಸು ಕಡಿಮೆ ಉದ್ದ. ಹನ್ನೊಂದರಲ್ಲಿ ಒಂಬತ್ತು ಹೊರಬಂದವು. ಉಳಿದ ಎರಡು ನಾನು ದೂಡಿದ ಬದಿಯಲ್ಲೇ ಇದ್ದವು. ಮರಿಗಳಿಗೆ ತಾಯಿಯೂ ಬೇಡ, ನಾವೂ ಬೇಡ. ಎರಡು ದಿನದಲ್ಲಿ ಒಂದೂ ಕಾಣಲಿಲ್ಲ.

ನಾಗರವಾದರೆ?

ನಮ್ಮದು ಕೇರೆ ಆಗಿದ್ದರಿಂದ ಇಷ್ಟು ಧೈರ್ಯ ಮಾಡಿದೆವು. ನಾಗರ ಮೊಟ್ಟೆಯ ಹತ್ತಿರವೇ ಇದ್ದು ಕಾಯುತ್ತದೆ. ಅದರ ಮರಿಗೂ ಹುಟ್ಟಿನಿಂದಲೇ ವಿಷವಿರುತ್ತದೆ. ಮನೆ, ಕೊಟ್ಟಿಗೆ ಹತ್ತಿರ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಕೈಕಾಲು ಅಲುಗಿಸದೆ 108ಕ್ಕೆ ಫೋನ್ ಮಾಡಿ ಸರಕಾರಿ ಆಸ್ಪತ್ರೆಗೆ ಒಯ್ಯಿರಿ. 2024ರಲ್ಲಿ ನಮ್ಮ ರಾಜ್ಯ ಸರಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಹೇಳಿದೆ. ಹೊಲದಲ್ಲಿ ದುಡಿಯುವ ನಮಗೇ ಇದು ಹೆಚ್ಚು ಬೇಕಾದದ್ದು.

ನಿಂತಿದ್ದ ನಾಲ್ಕು ಬಂಡಿ ಗೊಬ್ಬರ ಹಿಂಗಾರಿ ಜೋಳಕ್ಕೆ ಹೋಯಿತು, ನಷ್ಟವೇನೂ ಆಗಲಿಲ್ಲ. ಈ ವರ್ಷ ಮಿರಗಕ್ಕೆ ಮೊದಲೇ ತಿಪ್ಪೆ ಖಾಲಿ ಮಾಡಿ, ಮನೆಯಿಂದ ದೂರ ಹೊಲದ ಮೂಲೆಯಲ್ಲಿ ಒಂದಿಷ್ಟು ಹಳೆಯ ಗೊಬ್ಬರ, ಕಸ ಗುಡ್ಡೆ ಹಾಕಿ ಬಿಟ್ಟಿದ್ದೇನೆ. ಜಾಗ ತೋರಿಸಿದವಳು ಮನೆಯಾಕೆ. "ಬಾಣಂತನ ಮಾಡೋದಾದ್ರ ಅಲ್ಲಿ ಮಾಡ್ರಿ" ಅಂದಳು.